ನಡುರಾತ್ರಿಯ ಸದ್ದು, ಪೊಲೀಸರ ಕೈ

ನಿದ್ದೆಗೆಟ್ಟವನ ಸಿಟ್ಟು ದೊಡ್ಡದು. ರಾತ್ರಿ ಹನ್ನೊಂದೂವರೆಯಾಗಿದೆ. ಹಿಂದಿನ ಬೀದಿಯಲ್ಲಿ ಮೆಹಂದಿಯ ಚಪ್ಪರ, ಚಪ್ಪರದ ಮೂಲೆಯಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಹಾಡಿನ ಮಾತು ಕೇಳಿಸುವುದಿಲ್ಲ, ಬರೀ ಗುದ್ದು ಕೇಳಿಸುತ್ತದೆ. ಕಿಟಕಿಯ ಗಾಜು ನಡುಗುತ್ತದೆ, ಆಗಷ್ಟೇ ಮಲಗಿದ ಮಗು ಬೆಚ್ಚಿ ಏಳುತ್ತದೆ, ಒಳಕೋಣೆಯಲ್ಲಿ ಕಾಯಿಲೆಯ ಅಜ್ಜ ಮತ್ತೆ ಮತ್ತೆ ಮಗ್ಗುಲು ಬದಲಿಸುತ್ತಾರೆ, ಮರುದಿನ ಪರೀಕ್ಷೆ ಇರುವ ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡು ಪುಸ್ತಕದ ಮುಂದೆ ಕೂತಿದ್ದಾಳೆ. ಆ ಹೊತ್ತಿನಲ್ಲಿ 112ಕ್ಕೆ ಫೋನು ಹಚ್ಚುವ ಮನುಷ್ಯನಿಗೆ ಬೇಕಾದದ್ದು ಒಂದೇ. ಪೊಲೀಸರು ಬರಲಿ, ನಾಲ್ಕು ಮಂದಿಯನ್ನು ಜೀಪಿಗೆ ತುಂಬಿಕೊಂಡು ಹೋಗಲಿ, ರಾತ್ರಿಯೆಲ್ಲಾ ಲಾಕಪ್ಪಿನಲ್ಲಿ ಕೂರಿಸಲಿ, ಆಗ ಬುದ್ಧಿ ಬರುತ್ತದೆ.

ಇಂತಹ ಮಾತನ್ನು ನಮ್ಮಲ್ಲಿ ಬಹುಮಂದಿ ಒಂದಲ್ಲ ಒಂದು ರಾತ್ರಿ ಮನಸ್ಸಿನಲ್ಲಾದರೂ ಆಡಿರುತ್ತೇವೆ. ಆದರೆ ಅದರಲ್ಲಿ ಎರಡು ಬೇಡಿಕೆಗಳು ಸೇರಿಕೊಂಡಿವೆ. ಒಂದು, ಸದ್ದು ನಿಲ್ಲಬೇಕು. ಇನ್ನೊಂದು, ಸದ್ದು ಮಾಡಿದವನು ಸೆರೆಯಾಗಬೇಕು. ಮೊದಲನೆಯದು ನ್ಯಾಯವಾದದ್ದು. ಎರಡನೆಯದರ ಬಗ್ಗೆ ನಾವು ಹಗಲು ಹೊತ್ತಿನಲ್ಲಿ, ನಿದ್ದೆ ಚೆನ್ನಾಗಿ ಆದ ಮೇಲೆ, ಸ್ವಲ್ಪ ಯೋಚಿಸಬೇಕಾಗಿದೆ. ಸದ್ದು ಮಾಡಿದ ತಪ್ಪಿಗೆ ಮನುಷ್ಯನೊಬ್ಬನ ಮೈಮೇಲೆ ಕೈ ಹಾಕುವ ಅಧಿಕಾರವನ್ನು ಪೊಲೀಸರಿಗೆ ಎಷ್ಟರಮಟ್ಟಿಗೆ ಕೊಡಬಹುದು?

ಸದ್ದೆಂದರೆ ಕ್ಷುಲ್ಲಕ ವಿಷಯ, ಒಂದು ರಾತ್ರಿಯ ಸಂತೋಷ, ಹೊಂದಿಕೊಂಡು ಹೋಗಬಾರದೆ ಎಂದು ಹೇಳುವವರಿದ್ದಾರೆ. ಅವರಿಗೆ ಉತ್ತರವಾಗಿ ಒಂದು ಪ್ರಕರಣವನ್ನು ನೆನಪಿಸಬೇಕು. 1998ರ ಜನವರಿ ಆರಂಭದಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಹದಿಮೂರು ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಿತ್ತು. ಆಕೆ ಕೂಗಿಕೊಂಡಿದ್ದಳು. ನೆರೆಯಲ್ಲಿ ಧ್ವನಿವರ್ಧಕದಿಂದ ಹಾಡು ಅಬ್ಬರಿಸುತ್ತಿದ್ದುದರಿಂದ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಅದೇ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ಸತ್ತಳು. ಇದನ್ನೋದಿದ ಒಬ್ಬ ಇಂಜಿನಿಯರ್ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಫಲವೇ 2005ರ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪೀಠ ಕೊಟ್ಟ ತೀರ್ಪು. ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನಲ್ಲಿ ಶಾಂತಿಯಿಂದ ಬದುಕುವ ಹಕ್ಕೂ ಸೇರಿದೆ. ಮಾತನಾಡುವ ಸ್ವಾತಂತ್ರ್ಯದ ಹೆಸರಿನಲ್ಲಿ ಕೇಳಲು ಇಷ್ಟವಿಲ್ಲದವನಿಗೆ ಬಲವಂತವಾಗಿ ಕೇಳಿಸುವ ಹಕ್ಕು ಯಾರಿಗೂ ಇಲ್ಲ ಎಂದು ಅದು ಹೇಳಿತು. ಇಂದು ದೇಶದಲ್ಲಿ ಯಾವ ಪೊಲೀಸ್ ಅಧಿಕಾರಿ ರಾತ್ರಿ ಹತ್ತರ ನಂತರ ಮೈಕ್ ನಿಲ್ಲಿಸಿ ಎಂದರೂ ಆ ಮಾತಿನ ಹಿಂದೆ ಈ ತೀರ್ಪು ಇರುತ್ತದೆ. ಅದರ ಹಿಂದೆ ಆ ಹೆಸರಿಲ್ಲದ ಬಾಲಕಿ ಇದ್ದಾಳೆ.

ಇದಕ್ಕೂ ಮೊದಲು, 1996ರಲ್ಲಿ, ಕಲ್ಕತ್ತಾ ಹೈಕೋರ್ಟ್ ಒಂದು ಧ್ವನಿವರ್ಧಕದ ಮೊಕದ್ದಮೆಯಲ್ಲಿ ‘ಸೆರೆಸಿಕ್ಕ ಕೇಳುಗ’ ಎಂಬರ್ಥದ ಪದವನ್ನು ಬಳಸಿತ್ತು. ಯೋಚಿಸಬೇಕಾದ ಪದ ಇದು. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಕೆಟ್ಟ ಚಿತ್ರ ಕಂಡರೆ ಮುಖ ತಿರುಗಿಸಬಹುದು, ಕೆಟ್ಟ ಪುಸ್ತಕವನ್ನು ಮುಚ್ಚಬಹುದು. ಮನೆಯೊಳಗೆ ನುಗ್ಗಿ ಬರುವ ಸದ್ದಿನಿಂದ ಪಾರಾಗಲು ಮನೆ ಬಿಟ್ಟೇ ಹೋಗಬೇಕು, ಅದೂ ನಡುರಾತ್ರಿ. ಹಾಗಾದರೆ ಸದ್ದು ಮಾಡುವವನು ತನ್ನ ನೆರೆಯವರನ್ನು ಒಂದು ರೀತಿಯಲ್ಲಿ ಬಂಧಿಸಿಟ್ಟಿದ್ದಾನೆ. ಫೋನು ಮಾಡುವವನ ಸಿಟ್ಟಿನ ತರ್ಕ ಇದೇ: ನಮ್ಮನ್ನು ಸೆರೆಯಲ್ಲಿಟ್ಟವನನ್ನು ಸೆರೆಯಲ್ಲಿಡಿ.

ತರ್ಕ ಚೆನ್ನಾಗಿದೆ. ಆದರೆ ಎರಡೂ ಸೆರೆಗಳು ಒಂದೇ ತೂಕದವೇ?

ಕಾನೂನು ಏನನ್ನುತ್ತದೆ ನೋಡೋಣ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಜಾರಿಗೆ ಬಂದದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್‌ಗಳಂತಹ ಮುಚ್ಚಿದ ಜಾಗಗಳಿಗೆ ಮಾತ್ರ ವಿನಾಯಿತಿ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ವರ್ಷದಲ್ಲಿ ಹದಿನೈದು ದಿನ ಮೀರದಂತೆ ರಾತ್ರಿ ಹನ್ನೆರಡರವರೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ರಾತ್ರಿ 40. ಈ ಲೆಕ್ಕ ಸಾಧಾರಣ ಕೂಡುವ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರಿದಂತೆ. 45 ಇರಬೇಕಾದ ಕಡೆ 75 ಇದ್ದರೆ ಅದು ಸಾವಿರ ಪಟ್ಟು.

ಈ ನಿಯಮಗಳಲ್ಲಿ ಜನರಿಗೆ ಅಷ್ಟಾಗಿ ತಿಳಿಯದ ಒಂದು ಸಂಗತಿ ಇದೆ. ದೂರು ಕೇಳಿ ಆದೇಶ ಹೊರಡಿಸಬೇಕಾದ ‘ಪ್ರಾಧಿಕಾರ’ವೆಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಬೀದಿಗೆ ಬರುವವನು ಮಾತ್ರ ಬೀಟಿನ ಪೇದೆ, ಹೆಚ್ಚೆಂದರೆ ಒಬ್ಬ ಎಸ್‌ಐ. ಶಬ್ದಮಾಪಕ ಹಿಡಿದು ಬಂದ ಪೊಲೀಸರನ್ನು ನಾವು ಕಂಡದ್ದು ಅಪರೂಪ. ಹೀಗಾಗಿ ಕಾಗದದಲ್ಲಿ ಡೆಸಿಬೆಲ್ಲಿನಿಂದ ಅಳೆಯಬೇಕಾದ ತಪ್ಪನ್ನು ಬೀದಿಯಲ್ಲಿ ಪೇದೆಯ ಕಿವಿ ಅಳೆಯುತ್ತದೆ.

ಶಿಕ್ಷೆಯ ಮಾತಿಗೆ ಬಂದರೆ ಇನ್ನೂ ಸ್ವಾರಸ್ಯವಿದೆ. ಈ ನಿಯಮಗಳ ಬೇರು 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದೆ. ಆ ಕಾಯ್ದೆಯ ಉಲ್ಲಂಘನೆಗೆ ಮೊದಲು ಐದು ವರ್ಷದವರೆಗೆ ಸೆರೆವಾಸವಿತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು ತೆಗೆದುಹಾಕಿ, 2024ರ ಏಪ್ರಿಲ್ 1ರಿಂದ ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡವನ್ನಷ್ಟೇ ಉಳಿಸಿತು. ದಂಡ ಕಟ್ಟದೆ ತಪ್ಪಿಸಿಕೊಂಡವರಿಗೆ ಮಾತ್ರ ಸೆರೆಯ ಮಾತು. ಇನ್ನು ಸಾರ್ವಜನಿಕ ಉಪದ್ರವದ ಕಲಮು. ಹಳೆಯ ದಂಡ ಸಂಹಿತೆಯ 290ರಲ್ಲಿ ಇನ್ನೂರು ರೂಪಾಯಿ ಇದ್ದ ದಂಡ ಈಗಿನ ಭಾರತೀಯ ನ್ಯಾಯ ಸಂಹಿತೆಯ 292ರಲ್ಲಿ ಒಂದು ಸಾವಿರದವರೆಗೆ ಏರಿದೆ. ಸೆರೆ ಇಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಯನ್ನೂ ಮಾಡಲಾಗದ, ವಾರಂಟ್ ಇಲ್ಲದೆ ಬಂಧಿಸಲಾಗದ ವರ್ಗದ ಅಪರಾಧ ಅದು. ನಿಲ್ಲಿಸು ಎಂದು ಅಧಿಕಾರವುಳ್ಳವರು ಆದೇಶ ಕೊಟ್ಟ ಮೇಲೂ ಉಪದ್ರವ ಮುಂದುವರಿಸಿದರೆ ಮಾತ್ರ 293ನೇ ಕಲಮು ಬರುತ್ತದೆ. ಅದಕ್ಕೆ ಆರು ತಿಂಗಳವರೆಗೆ ಸಾದಾ ಸೆರೆ ಇದೆ, ವಾರಂಟ್ ಇಲ್ಲದೆ ಬಂಧಿಸಲೂಬಹುದು.

ಅಂದರೆ, ಬರೀ ಸದ್ದು ಮಾಡಿದ್ದಕ್ಕೆ ಯಾರನ್ನಾದರೂ ಹಿಡಿದು ಜೀಪಿಗೆ ಹಾಕಬೇಕೆಂದರೆ ಕಾನೂನಿನ ಪುಸ್ತಕದಲ್ಲಿ ಸರಿಯಾದ ಪುಟ ಸಿಗುವುದು ಕಷ್ಟ. ಆದರೂ ಹಿಡಿದು ಜೀಪಿಗೆ ಹಾಕುವುದು ನಡೆಯುತ್ತದೆ. ಹೇಗೆ?

ಸದ್ದಿಗಾಗಿ ಬಂದ ಪೊಲೀಸರು ಕೊನೆಗೆ ಒಬ್ಬನನ್ನು ಕರೆದೊಯ್ಯುವುದು ಬಹುತೇಕ ಎದುರು ಮಾತಿಗಾಗಿ. ‘ಯಾರು ಹೇಳಿದ್ದು ನಿಲ್ಲಿಸೋಕೆ?’ ಎಂದು ಚಪ್ಪರದಿಂದ ಒಬ್ಬ ಹುಡುಗ ಕೇಳುತ್ತಾನೆ. ‘ಆರ್ಡರ್ ತೋರಿಸಿ’ ಎನ್ನುತ್ತಾನೆ ಮತ್ತೊಬ್ಬ. ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಲು ಶುರುಮಾಡುತ್ತಾನೆ. ಸದ್ದು ಅಷ್ಟರಲ್ಲಿ ನಿಂತೇ ಹೋಗಿರುತ್ತದೆ. ಆದರೆ ಈಗ ಪ್ರಶ್ನೆ ಡೆಸಿಬೆಲ್ಲಿನದಾಗಿ ಉಳಿದಿಲ್ಲ, ಖಾಕಿಯ ಮಾನದ್ದಾಗಿದೆ. ಹೆಸರು ವಿಳಾಸ ಹೇಳಲಿಲ್ಲ ಎಂಬ ಕಲಮು ಇದೆ, ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಎಂಬ ಕಲಮು ಇದೆ, ಮುಂದೆ ಅಪರಾಧ ನಡೆಯಬಹುದೆಂದು ಮುಂಜಾಗ್ರತೆಯಾಗಿ ಇಪ್ಪತ್ತನಾಲ್ಕು ಗಂಟೆ ಹಿಡಿದಿಡುವ ಕಲಮು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 172ನೇ ಕಲಮು ಎಂಬ ಹೊಸದೊಂದು ಸೇರಿದೆ. ಪೊಲೀಸರು ಕೊಟ್ಟ ನ್ಯಾಯಬದ್ಧ ಸೂಚನೆಯನ್ನು ಪಾಲಿಸದವನನ್ನು, ವಿರೋಧಿಸಿದವನನ್ನು, ಕಡೆಗಣಿಸಿದವನನ್ನು ಅವರು ಹಿಡಿದಿಡಬಹುದು ಅಥವಾ ಅಲ್ಲಿಂದ ಸಾಗಿಸಬಹುದು. ಸಣ್ಣ ಪ್ರಕರಣವಾದರೆ ಆದಷ್ಟು ಬೇಗ, ಇಪ್ಪತ್ತನಾಲ್ಕು ಗಂಟೆಯೊಳಗೆ ಬಿಟ್ಟುಬಿಡಬಹುದು.

ಈ ಕಲಮಿನ ಬಗ್ಗೆ ನಮಗೆ ಆತಂಕವಿದೆ. ಕಡೆಗಣಿಸುವುದು ಎಂದರೇನು? ಪೊಲೀಸರು ಹೇಳಿದ ತಕ್ಷಣ ಎದ್ದು ನಿಲ್ಲದೆ ಕುರ್ಚಿಯಲ್ಲಿ ಕೂತೇ ‘ಹತ್ತು ನಿಮಿಷ ಸಾರ್’ ಎನ್ನುವುದು ಕಡೆಗಣನೆಯೇ? ಹಿಂದೆ ಪೊಲೀಸರು ಲಿಖಿತ ಕಾನೂನನ್ನು ಸ್ವಲ್ಪ ಬಗ್ಗಿಸಿ ಮಾಡುತ್ತಿದ್ದುದನ್ನು ಈಗ ನೇರವಾಗಿಯೇ ಮಾಡಬಹುದು. ಸದ್ದಿನ ತಪ್ಪಿಗೆ ಸಂಸತ್ತು ಸೆರೆ ಬೇಡವೆಂದಿತು. ಅದೇ ಸಂಸತ್ತು ಮಾತು ಕೇಳದ ತಪ್ಪಿಗೆ ಒಂದು ರಾತ್ರಿಯ ಸೆರೆಯನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟಿತು.

ಒಂದು ರಾತ್ರಿ ತಾನೆ, ಅದರಲ್ಲೇನು ಎಂದು ಕೇಳಬಹುದು. ಬಂಧನ ಎಂಬುದು ಏನು ಮಾಡುತ್ತದೆ ಎಂದು ತಿಳಿಯದವರು ಮಾತ್ರ ಹಾಗೆ ಕೇಳಬಲ್ಲರು. ಮನುಷ್ಯನನ್ನು ಅವನ ಮನೆಯವರ ಕಣ್ಣೆದುರು ಎಬ್ಬಿಸಿಕೊಂಡು ಹೋಗುವುದು, ಬೆಲ್ಟು ಚಪ್ಪಲಿ ಬಿಚ್ಚಿಸುವುದು, ಮೂತ್ರದ ವಾಸನೆಯ ಕೋಣೆಯಲ್ಲಿ ಕೂರಿಸುವುದು, ಬೆಳಿಗ್ಗೆ ಹೆಂಡತಿ ಠಾಣೆಯ ಮೆಟ್ಟಿಲಲ್ಲಿ ಕಾಯುವುದು. ಮದುವೆ ಮನೆಯ ಹುಡುಗನಾದರೆ ಆ ಮದುವೆಗೇ ಕಳಂಕ. ನ್ಯಾಯಾಧೀಶರು ಒಂದು ಸಾವಿರ ರೂಪಾಯಿಗಿಂತ ಹೆಚ್ಚು ದಂಡ ಹಾಕಲಾರದ ತಪ್ಪಿಗೆ, ನ್ಯಾಯಾಧೀಶರ ಮುಖ ನೋಡುವ ಮೊದಲೇ ಈ ಶಿಕ್ಷೆ ಮುಗಿದಿರುತ್ತದೆ. ಮುಂದೆ ಅವನು ನಿರಪರಾಧಿ ಎಂದಾದರೂ ಆ ರಾತ್ರಿ ಹಿಂತಿರುಗಿ ಬರುವುದಿಲ್ಲ.

1994ರಲ್ಲಿ ಉತ್ತರಪ್ರದೇಶದ ಒಬ್ಬ ಯುವ ವಕೀಲರನ್ನು ಪೊಲೀಸರು ವಿಚಾರಣೆಗೆಂದು ಕರೆದು ಐದು ದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದೆ ಇಟ್ಟುಕೊಂಡಿದ್ದರು. ಜೋಗಿಂದರ್ ಕುಮಾರ್ ಪ್ರಕರಣವೆಂದು ಅದು ಹೆಸರಾಯಿತು. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟಪಡಿಸಿತು. ರಾಷ್ಟ್ರೀಯ ಪೊಲೀಸ್ ಆಯೋಗದ ಮೂರನೇ ವರದಿಯನ್ನು ಅದು ಉಲ್ಲೇಖಿಸಿತ್ತು. ಆ ವರದಿಯ ಪ್ರಕಾರ ಶೇಕಡಾ 60ರಷ್ಟು ಬಂಧನಗಳು ಅನಗತ್ಯ ಅಥವಾ ಅಸಮರ್ಥನೀಯವಾಗಿದ್ದವು. 1996ರ ಡಿ.ಕೆ. ಬಸು ತೀರ್ಪು ಬಂಧನದ ಹೊತ್ತು, ದಿನಾಂಕ, ಸಾಕ್ಷಿಯ ಸಹಿ ಇರುವ ಪತ್ರ, ಮನೆಯವರಿಗೆ ತಿಳುವಳಿಕೆ ಮುಂತಾದ ಹನ್ನೊಂದು ಕಟ್ಟಳೆಗಳನ್ನು ಹಾಕಿತು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ, ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲೂ ಯಾಂತ್ರಿಕವಾಗಿ ಬಂಧಿಸಬಾರದು, ಏಕೆ ಬಂಧಿಸಬೇಕೆಂದು ಬರೆದಿಡಬೇಕು ಎಂದಿತು. ಏಳು ವರ್ಷದ ಅಪರಾಧಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ ಸಾವಿರ ರೂಪಾಯಿ ದಂಡದ ಅಪರಾಧಕ್ಕೆ ಎಷ್ಟು ಬೇಕು?

ಚಿಕ್ಕ ತಪ್ಪುಗಳ ಬಂಧನವೇ ಕೆಲವೊಮ್ಮೆ ಅತಿ ದೊಡ್ಡ ಅಪಾಯ ಎಂಬುದಕ್ಕೆ ತಮಿಳುನಾಡಿನ ಸಾತ್ತಾನ್‌ಕುಳಂ ಸಾಕ್ಷಿ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಆರೋಪದ ಮೇಲೆ ತಂದೆ ಮತ್ತು ಮಗನನ್ನು ಪೊಲೀಸರು ಕರೆದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ಸಿಬಿಐ ಪೊಲೀಸರ ಮೇಲೆಯೇ ಕೊಲೆಯ ಆರೋಪಪಟ್ಟಿ ಸಲ್ಲಿಸಿತು. ಅಲ್ಲಿ ಆರೋಪಿಸಲಾದ ತಪ್ಪು ಗಡಿಯಾರದ ಮುಳ್ಳಿಗೆ ಸಂಬಂಧಿಸಿದ್ದು, ಇಲ್ಲಿನ ಹಾಗೆಯೇ. ರಾತ್ರಿ ಠಾಣೆಯೊಳಗೆ ಹೋದವನ ಗತಿ, ಒಳಗಿರುವ ಕೆಲವರ ಆ ಹೊತ್ತಿನ ಮನಃಸ್ಥಿತಿಯನ್ನು ಅವಲಂಬಿಸಿರುತ್ತದೆ. ಸದ್ದು ಮಾಡಿದವನನ್ನು ಒಯ್ಯಿರಿ ಎಂದು ಫೋನು ಮಾಡುವವನಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು ಪ್ರಶ್ನೆಯನ್ನು ನಾವು ಬಿಟ್ಟುಹೋಗುವಂತಿಲ್ಲ. ಯಾರ ಸದ್ದು ಗದ್ದಲವೆನಿಸುತ್ತದೆ? ವಠಾರದಲ್ಲಿ ಒಂದೇ ಕೋಣೆಯ ಮನೆಯಿರುವವನ ಬದುಕಿನ ಅರ್ಧ ಬೀದಿಯಲ್ಲೇ ನಡೆಯುತ್ತದೆ. ಅವನ ಮಗಳ ಮದುವೆಗೆ ಬೀದಿಯೇ ಹಾಲ್. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಕೊಟ್ಟ ನಿಯಮ ಬಾಡಿಗೆ ಕೊಡಬಲ್ಲವನಿಗೆ ರಿಯಾಯಿತಿ ಕೊಟ್ಟಿದೆ. ಹಣವಿದ್ದವನ ಸಂಗೀತ ಹವಾನಿಯಂತ್ರಿತ ಗೋಡೆಗಳೊಳಗೆ ಬೆಳಗಿನವರೆಗೂ ನಡೆಯಬಹುದು. ಹೊರಗೆ ಕಾರುಗಳ ಹಾರನ್ನು, ಪಟಾಕಿ ಕೇಳಿಸಿದರೂ ಪೊಲೀಸರು ಗೇಟಿನಲ್ಲೇ ನಿಂತು ಮ್ಯಾನೇಜರನ್ನು ಕರೆಸಿ ಮಾತಾಡುತ್ತಾರೆ. ವಠಾರಕ್ಕಾದರೆ ಜೀಪು ನೇರವಾಗಿ ಚಪ್ಪರದೊಳಕ್ಕೇ ನುಗ್ಗುತ್ತದೆ. ಇದರರ್ಥ ವಠಾರದ ಸದ್ದು ಸದ್ದಲ್ಲವೆಂದಲ್ಲ. ಆ ವಠಾರದಲ್ಲೂ ಬೆಳಿಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಹೋಗಬೇಕಾದ ಹೆಂಗಸಿದ್ದಾಳೆ, ಆಕೆಗೆ ದೂರು ಕೊಡುವ ಧೈರ್ಯವೂ ಇಲ್ಲ. ಬಡವರ ಬೀದಿಯ ಗದ್ದಲದಲ್ಲಿ ಮೊದಲು ನಿದ್ದೆ ಕಳೆದುಕೊಳ್ಳುವವರು ಬಡವರೇ.

ಇಷ್ಟು ಹೊತ್ತಿಗೆ ಓದುಗರಲ್ಲಿ ಹಲವರು ಇನ್ನೊಂದು ಪ್ರಶ್ನೆಯನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಸುಬ್‌ಹಿಯ ಬಾಂಗಿನ ವಿಷಯವೇನು? ನಮ್ಮ ನಾಡಿನಲ್ಲಿ ಅದರ ಹೊತ್ತು ವರ್ಷವಿಡೀ ಆರು ಗಂಟೆಗೆ ಮೊದಲೇ ಬರುತ್ತದೆ. ನಿಯಮ ನಿಯಮವೇ. 2000ದಲ್ಲಿ ಚೆನ್ನೈಯ ಒಂದು ಚರ್ಚಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಎಲ್ಲರಿಗೂ ಅನ್ವಯಿಸುತ್ತದೆ: ಧ್ವನಿವರ್ಧಕದಿಂದ ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ಅಲಹಾಬಾದ್ ಹೈಕೋರ್ಟ್ 2020ರಲ್ಲಿ ಬಾಂಗು ಧರ್ಮದ ಭಾಗ, ಧ್ವನಿವರ್ಧಕ ಅದರ ಅನಿವಾರ್ಯ ಭಾಗವಲ್ಲ ಎಂದು ವಿಂಗಡಿಸಿತು. ನಮ್ಮ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಬಾಂಗಿನ ಮಾತುಗಳು ಅನ್ಯಧರ್ಮೀಯರ ಮೂಲಭೂತ ಹಕ್ಕಿಗೆ ಧಕ್ಕೆ ತರುತ್ತವೆ ಎಂಬ ವಾದವನ್ನು ತಳ್ಳಿಹಾಕಿತು. ಜೊತೆಗೆ ರಾತ್ರಿ ಹತ್ತರಿಂದ ಆರರವರೆಗಿನ ಶಬ್ದದ ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿತು. ಎರಡೂ ಸರಿಯಾದ ಮಾತುಗಳೇ. ಲುಕ್ಮಾನ್ ಮಗನಿಗೆ ಕೊಟ್ಟ ಉಪದೇಶದಲ್ಲಿ ಧ್ವನಿ ತಗ್ಗಿಸುವ ಬುದ್ಧಿಮಾತೂ ಇದೆ ಎಂಬುದನ್ನು ಮೈಕ್‌ ಹಿಡಿದ ನಮ್ಮ ಮತಪ್ರವಚನಕಾರರು ಎಷ್ಟು ಬಾರಿ ನೆನೆದಿದ್ದಾರೋ ತಿಳಿಯದು.

2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದಾಗ, ಬೆಂಗಳೂರಿನಲ್ಲಿ ಸೇರಿದ ಉಲೆಮಾಗಳು ಆ ಅವಧಿಯಲ್ಲಿ ಧ್ವನಿವರ್ಧಕ ಬಳಸದಿರಲು ತೀರ್ಮಾನಿಸಿದರು. ಯಾರನ್ನೂ ಜೀಪಿಗೆ ಹಾಕದೆ ಆದ ಕೆಲಸ ಅದು. ಆದರೆ ಆ ದಿನಗಳ ಇನ್ನೊಂದು ಮುಖವೂ ನೆನಪಿರಬೇಕು. ಬಾಂಗಿಗೆ ಪ್ರತಿಯಾಗಿ ಮುಂಜಾನೆ ಐದಕ್ಕೆ ದೇವಸ್ಥಾನಗಳಲ್ಲಿ ಮೈಕ್ ಹಚ್ಚಲು ಕರೆ ಕೊಟ್ಟವರಿದ್ದರು. ನಿದ್ದೆಗೆಟ್ಟ ಊರಿನ ಕಾಳಜಿ ಅಲ್ಲಿರಲಿಲ್ಲ. ಸದ್ದಿಗೆ ಸದ್ದು, ಎರಡು ಪಟ್ಟು ಸದ್ದು. ದೂರು ಎಂಬುದು ಪಕ್ಕದ ಮನೆಯವನ ಕಷ್ಟವನ್ನು ಹೇಳುವ ಬದಲು ಪಕ್ಕದ ಸಮುದಾಯವನ್ನು ಹೊಡೆಯುವ ಕೋಲಾದಾಗ ಪೊಲೀಸರ ಕೈಯಲ್ಲಿರುವ ಬಂಧನದ ಅಧಿಕಾರ ತುಂಬಾ ಅಪಾಯಕಾರಿಯಾಗುತ್ತದೆ. ಒಂದೇ ತಪ್ಪಿಗೆ ಒಂದು ಬೀದಿಯಲ್ಲಿ ಎಚ್ಚರಿಕೆ, ಮತ್ತೊಂದು ಬೀದಿಯಲ್ಲಿ ಲಾಕಪ್ಪು ಎಂದಾದರೆ ಅಲ್ಲಿ ಕೆಟ್ಟುಹೋಗುವುದು ನಿದ್ದೆಯೊಂದೇ ಆಗಿರುವುದಿಲ್ಲ.

ಕರಾವಳಿಯವರಿಗೆ ಈ ನಿಯಮದ ಬಿಸಿ ಯಕ್ಷಗಾನದ ರಂಗಸ್ಥಳಕ್ಕೂ ತಟ್ಟಿದ್ದು ಗೊತ್ತಿದೆ. 2022ರ ತಿರುಗಾಟದಲ್ಲಿ ಕಟೀಲು ಮೇಳಗಳು ಬೆಳಗಿನವರೆಗಿನ ಆಟವನ್ನು ಬಿಟ್ಟು ಕಾಲಮಿತಿಗೆ ಬಂದಾಗ ಕಾರಣವಾಗಿ ಬಂದದ್ದು ಇದೇ ರಾತ್ರಿ ಹತ್ತರ ಗೆರೆ. ಚೆಂಡೆ ನೂರಾರು ವರ್ಷದಿಂದ ರಾತ್ರಿಯಲ್ಲೇ ಬಾರಿಸುತ್ತಿತ್ತು. ಆಗ ಊರಿಗೆ ಊರೇ ಬಯಲಿನಲ್ಲಿ ಕೂತಿರುತ್ತಿತ್ತು, ಮೈಕ್ ಇರಲಿಲ್ಲ, ಮನೆಗಳು ಗದ್ದೆಯ ಆಚೆಗಿದ್ದವು. ನಿಯಮ ಈ ವ್ಯತ್ಯಾಸಗಳನ್ನು ನೋಡುವುದಿಲ್ಲ, ನೋಡಲೂ ಆಗದು. ಬಯಲಾಟದ ವಿಷಯದಲ್ಲಿ ನಮಗೆ ಸ್ವಲ್ಪ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಭಾಗವತರನ್ನು ಯಾರೂ ಬಂಧಿಸಲಿಲ್ಲ. ವೇಳೆಯನ್ನು ಬದಲಿಸಿದರು, ಒಪ್ಪದವರು ನ್ಯಾಯಾಲಯಕ್ಕೆ ಹೋದರು. ಸಂಘರ್ಷವೊಂದು ಬಗೆಹರಿಯಬೇಕಾದ ರೀತಿ ಅದು.

ಸದ್ದಿನ ಮುಂದೆ ತತ್ವಜ್ಞಾನಿಗಳೂ ಸಹನೆ ಕಳೆದುಕೊಂಡಿದ್ದಾರೆ. ನೈತಿಕತೆಯ ಬಗ್ಗೆ ಯುರೋಪಿಗೆ ಪಾಠ ಹೇಳಿದ ಕಾಂಟ್, ಕೋನಿಗ್ಸ್‌ಬರ್ಗ್‌ನಲ್ಲಿ ಹೊಸ ಮನೆಗೆ ಬಂದಾಗ ಪಕ್ಕದ ಜೈಲಿನ ಕೈದಿಗಳು ಗಟ್ಟಿಯಾಗಿ ಸ್ತೋತ್ರ ಹಾಡುವುದು ಅವನ ಚಿಂತನೆಗೆ ಅಡ್ಡಿಯಾಯಿತು. 1784ರಲ್ಲಿ ನಗರದ ಮೇಯರ್ ಆಗಿದ್ದ ತನ್ನ ಸ್ನೇಹಿತ ಹಿಪ್ಪೆಲ್‌ಗೆ ಪತ್ರ ಬರೆದು ದೂರಿದ. ಕಿಟಕಿ ಮುಚ್ಚಿಕೊಂಡು, ಅಷ್ಟು ಕಿರುಚದೆ ಹಾಡಲಿ ಎಂಬುದು ಅವನ ಕೋರಿಕೆ. ಗಮನಿಸಿ, ಅವನ ಉಪದ್ರವಕಾರರು ಆಗಲೇ ಬಂಧನದಲ್ಲಿದ್ದವರು! ಅವರನ್ನು ಇನ್ನೂ ಬಂಧಿಸುವುದು ಹೇಗೆ? ಆದ್ದರಿಂದ ಕಿಟಕಿಯ ಮಾತು ಬಂತು. ಶೋಪೆನ್‌ಹೌರ್ ಅಷ್ಟು ಸಮಾಧಾನಿಯಾಗಿರಲಿಲ್ಲ. 1821ರಲ್ಲಿ ಬರ್ಲಿನ್‌ನ ತನ್ನ ಕೋಣೆಯ ಹೊರಗೆ ಮಾತಾಡುತ್ತಿದ್ದ ಹೊಲಿಗೆಯ ಹೆಂಗಸೊಬ್ಬಳನ್ನು ಹಿಡಿದು ಹೊರದಬ್ಬಿದ. ಆಕೆ ಬಿದ್ದು ಗಾಯಗೊಂಡಳು, ವರ್ಷಗಟ್ಟಲೆ ದಾವೆ ನಡೆಯಿತು, ಕೊನೆಗೆ ಆಕೆ ಬದುಕಿರುವವರೆಗೂ ಪರಿಹಾರ ಕೊಡುವಂತೆ ನ್ಯಾಯಾಲಯ ಹೇಳಿತು. ಮಾತಿನ ಸದ್ದಿಗೆ ಮೈಮೇಲೆ ಕೈ ಹಾಕಿದ ಬೆಲೆ ಅದು. ಕೈ ಹಾಕಿದವನು ಖಾಕಿ ತೊಟ್ಟಿದ್ದರೆ ಈ ಬೆಲೆಯನ್ನು ಯಾರಿಂದ ವಸೂಲಿ ಮಾಡುವುದು?

ಕಾಂಟನ ಕೋರಿಕೆಯಲ್ಲಿ ಒಂದು ಒಳ್ಳೆಯ ಸೂಚನೆಯಿದೆ. ಹಾಡುವವನನ್ನು ಬಿಟ್ಟು ಹಾಡು ಹೊರಬರುವ ದಾರಿಯನ್ನು ನೋಡು ಎಂದು. ಇಂಗ್ಲೆಂಡಿನಲ್ಲಿ 1996ರ ಶಬ್ದ ಕಾಯ್ದೆ ಇದೇ ದಾರಿ ಹಿಡಿದಿದೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಮನೆಯ ಸದ್ದಿನ ದೂರು ಬಂದರೆ ಅಲ್ಲಿನ ಸ್ಥಳೀಯ ಸಂಸ್ಥೆಯ ಅಧಿಕಾರಿ ತನಿಖೆ ಮಾಡಿ ಎಚ್ಚರಿಕೆಯ ನೋಟಿಸ್ ಕೊಡುತ್ತಾನೆ. ಆಮೇಲೂ ಅಳತೆ ಮೀರಿದರೆ ಮನೆಗಳಿಗೆ 110 ಪೌಂಡ್ ದಂಡ. ಅದಕ್ಕೂ ಜಗ್ಗದಿದ್ದರೆ ಸ್ಟೀರಿಯೋ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗುವ ಅಧಿಕಾರವಿದೆ, ಬಾಗಿಲು ತೆಗೆಯದಿದ್ದರೆ ವಾರಂಟ್ ತರಬಹುದು. ಸದ್ದು ಹೊರಡುವುದು ಪೆಟ್ಟಿಗೆಯಿಂದ. ಪೆಟ್ಟಿಗೆ ಹೋದರೆ ಸದ್ದು ಹೋಯಿತು. ಮನುಷ್ಯನನ್ನು ಹಿಡಿದೊಯ್ದರೂ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ, ಅವನ ತಮ್ಮನೋ ಭಾವನೋ ಮತ್ತೆ ಗುಂಡಿ ಒತ್ತಬಹುದು. ನಮ್ಮಲ್ಲೂ 2005ರ ತೀರ್ಪು ಧ್ವನಿವರ್ಧಕಗಳನ್ನು ವಶಪಡಿಸಿಕೊಳ್ಳಲು ವ್ಯವಸ್ಥೆ ಮಾಡಿ ಎಂದು ರಾಜ್ಯಗಳಿಗೆ ಹೇಳಿದೆ. ಅದನ್ನು ಮುಂದೆ ಮಾಡಬೇಕು. ಬಾಡಿಗೆಗೆ ತಂದ ಡಿಜೆ ಸೆಟ್ಟು ವಾರ ಕಾಲ ಠಾಣೆಯಲ್ಲಿ ಕೂತರೆ ಬಾಡಿಗೆ ಕೊಡುವವನೇ ಮುಂದಿನ ಬಾರಿ ಹತ್ತು ಗಂಟೆಗೆ ತಂತಿ ಕೀಳುತ್ತಾನೆ.

ಹಾಗಾದರೆ ಬಂಧನ ಎಂದೂ ಬೇಡವೇ? ಹಾಗೆ ಹೇಳುವುದು ಸುಲಭ, ಆದರೆ ನಿಜ ಜೀವನದಲ್ಲಿ ಮೊಂಡರಿದ್ದಾರೆ. ಮೂರು ಬಾರಿ ಹೇಳಿದರೂ ಪೊಲೀಸರು ಹೋದ ಕೂಡಲೇ ಮತ್ತೆ ಶುರು ಮಾಡುವವನು, ದೂರು ಕೊಟ್ಟವರ ಬಾಗಿಲಿಗೆ ಬಂದು ಕಲ್ಲೆಸೆಯುವವನು, ಆಸ್ಪತ್ರೆಯ ಎದುರೇ ಬೇಕೆಂದು ಪಟಾಕಿ ಸಿಡಿಸುವವನು. ಇವನ ತಪ್ಪು ಈಗ ಸದ್ದನ್ನು ದಾಟಿ ಬೇರೆಯದಾಗಿದೆ. ಬೆದರಿಕೆ ಇದೆ, ಆದೇಶದ ತಿರಸ್ಕಾರ ಇದೆ. ಇವನನ್ನು ಹಿಡಿಯಲಿ. ಆದರೆ ಮೊದಲು ಬರಹದಲ್ಲಿ ಆದೇಶ ಇರಲಿ, ಅದು ಅವನ ಕೈಗೆ ತಲುಪಿರಲಿ, ಹಿಡಿದ ಹೊತ್ತು ಮತ್ತು ಕಾರಣ ಕಾಗದದಲ್ಲಿ ಇರಲಿ, ಮನೆಯವರಿಗೆ ತಿಳಿಸಿರಲಿ. ಅರುವತ್ತು ದಾಟಿದವರನ್ನೂ ಅಶಕ್ತರನ್ನೂ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಡಿವೈಎಸ್ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ, ಹೆಂಗಸರನ್ನು ಅಸಾಧಾರಣ ಸಂದರ್ಭ ಬಿಟ್ಟು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ ಎಂದು ಈಗಿನ ಸಂಹಿತೆಯೇ ಹೇಳುತ್ತದೆ. ಕಾಗದ ಬರೆಯುವ ಹೊತ್ತಿನಲ್ಲಿ ಪೊಲೀಸರ ಸಿಟ್ಟೂ ಸ್ವಲ್ಪ ಇಳಿಯುತ್ತದೆ ಎಂಬುದು ಈ ಕಟ್ಟಳೆಗಳ ಹೇಳದ ಲಾಭ.

ಪೇದೆಯ ಪಾಡನ್ನೂ ನೋಡಬೇಕು. ಮುನ್ನೂರು ಜನ ಕುಣಿಯುವ ಕಡೆ ಅವನು ಇಬ್ಬರೊಂದಿಗೆ ಬಂದಿರುತ್ತಾನೆ. ಹೋಗಲೇಬೇಕು, ಏನಾದರೂ ಮಾಡಲೇಬೇಕು, ಮಾಡಿದರೆ ಊರಿನ ಪುಢಾರಿಯ ಫೋನು. ಹೀಗಿರುವಾಗ ಅವನು ಗುಂಪಿನಲ್ಲಿ ಎಲ್ಲಕ್ಕಿಂತ ಹಗುರವಾದವನನ್ನು, ಹಿಂದೆ ಯಾರೂ ಇಲ್ಲದ ಹುಡುಗನನ್ನು ಆರಿಸಿಕೊಳ್ಳುತ್ತಾನೆ. ಅನೇಕ ಸಲ ಅದು ಡಿಜೆಯ ತಂತಿ ಜೋಡಿಸಲು ದಿನಗೂಲಿಗೆ ಬಂದ ಹುಡುಗ.

ದೂರು ಕೊಡುವವನ ಕಷ್ಟ ಇನ್ನೊಂದು. ಮೊದಲು ಬಾಗಿಲು ತಟ್ಟಿ ‘ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ, ಮನೆಯಲ್ಲಿ ಕಾಯಿಲೆಯವರಿದ್ದಾರೆ’ ಎನ್ನುವ ದಾರಿ ಇದೆ. ನೆರೆಯ ಮುಖ ಗೊತ್ತಿರುವ ಕಡೆ ಅದು ಇಂದಿಗೂ ಕೆಲಸ ಮಾಡುತ್ತದೆ. ಮುಖವೇ ಗೊತ್ತಿಲ್ಲದ ಅಪಾರ್ಟ್‌ಮೆಂಟಿನಲ್ಲಿ, ಕುಡಿದ ಗುಂಪಿನ ಮುಂದೆ, ಒಂಟಿ ಹೆಂಗಸಿಗೆ ಆ ದಾರಿ ಇಲ್ಲ. ಆಕೆ ಫೋನು ಮಾಡಿದರೆ ಬಂದ ಪೊಲೀಸರು ‘ಆ ಮೂರನೇ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದಾರೆ’ ಎಂದು ಬಾಯಿಬಿಟ್ಟುಬಿಡುತ್ತಾರೆ. ಮರುದಿನದಿಂದ ಆಕೆಗೆ ಆ ಬೀದಿಯಲ್ಲಿ ನಡೆಯುವುದೇ ಕಷ್ಟ. ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಮುಂಬಯಿಯ ಒಂದು ಬಡಾವಣೆಯ ದೂರಿನ ಮೇಲೆ ಕೊಟ್ಟ ತೀರ್ಪಿನಲ್ಲಿ ಇದನ್ನು ಗಮನಿಸಿದೆ. ದೂರುದಾರರ ಗುರುತು ಕೇಳದೆಯೇ ದೂರು ಸ್ವೀಕರಿಸಬೇಕು. ಮೊದಲ ಬಾರಿ ಎಚ್ಚರಿಕೆ, ಮತ್ತೆ ಆದರೆ ದಂಡ, ಮುಂದುವರಿದರೆ ಧ್ವನಿವರ್ಧಕದ ಜಪ್ತಿ ಎಂದು ಅದು ಮೆಟ್ಟಿಲುಗಳನ್ನು ಹಾಕಿಕೊಟ್ಟಿತು. ನಮ್ಮ ರಾಜ್ಯದ ಠಾಣೆಗಳೂ ಇದನ್ನೇ ಕನ್ನಡದಲ್ಲಿ ಬರೆದು, ರಾತ್ರಿ ಪಾಳಿಯವರ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸಲಿ. ಒಂದು ಪ್ರತಿಯನ್ನು ಡಿಜೆ ಬಾಡಿಗೆ ಕೊಡುವ ಅಂಗಡಿಗಳಿಗೂ, ಇನ್ನೊಂದನ್ನು ಜಮಾಅತ್ ಕಮಿಟಿ, ಉತ್ಸವ ಸಮಿತಿಗಳಿಗೂ ಮುಂಚಿತವಾಗಿಯೇ ಕಳುಹಿಸಲಿ.